ಒಂದು ಟೋಕನ್ನಿಗೆ ಇಬ್ಬರು

ಡ್ರೈವಿಂಗ್ ಸ್ಕೂಲಿನಲ್ಲಿ ಅವಳಿಗೆ ಬ್ರೇಕಮ್ಮ ಎಂದು ಹೆಸರು. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ. ಎದುರಿಗೆ ಅವಳು ಎಲ್ಲರಿಗೂ ಮೇಡಂ. ಬೆನ್ನ ಹಿಂದಿನ ಹೆಸರು ಎಂದೋ ಅವಳ ಕಿವಿಗೂ ಬಿದ್ದಿತ್ತು. ಸಿಟ್ಟೇನೂ ಬರಲಿಲ್ಲ. ಅಪ್ಪ ಅಮ್ಮ ಇಟ್ಟ ಹೆಸರಿಗಾಗಿ ತಾನೇನೂ ಮಾಡಿರಲಿಲ್ಲ, ಇದನ್ನಾದರೂ ಕಾಲಿನಿಂದ ದುಡಿದು ಗಳಿಸಿದ್ದೇನೆ ಎಂದುಕೊಂಡಳು.

ಕಾರು ಕಲಿಸುವವರು ಕೂರುವ ಸೀಟಿನ ಕೆಳಗೆ ಇನ್ನೊಂದು ಬ್ರೇಕ್ ಇರುತ್ತದೆ. ಸ್ಟಿಯರಿಂಗ್ ಹಿಡಿದವನಿಗೆ ಅದು ಕಾಣುವುದಿಲ್ಲ. ಅವನು ತಾನೇ ಕಾರು ನಿಲ್ಲಿಸಿದೆ ಎಂದುಕೊಂಡು ಬೀಗುತ್ತಾನೆ. ಬ್ರೇಕಮ್ಮನ ಬಲಗಾಲು ಮದುವೆಗೂ ಮುಂಚಿನಿಂದ ಆ ಪೆಡಲಿನ ಮೇಲಿತ್ತು. ಊರಿನಲ್ಲಿ ಇಂದು ಹಾರ್ನ್ ಒತ್ತಿಕೊಂಡು ಅಡ್ಡಾಡುವವರಲ್ಲಿ ಅರ್ಧ ಜನರ ಜೀವವನ್ನು ಒಮ್ಮೆಯಾದರೂ ಅವಳ ಅಂಗಾಲು ಉಳಿಸಿತ್ತು. ಅದರಿಂದ ಅವಳಿಗೆ ಮನುಷ್ಯರ ಮೇಲೆ ಪ್ರೀತಿಯೇನೂ ಹುಟ್ಟಲಿಲ್ಲ. "ನಂಗೆ ಎಲ್ಲಾ ಬರುತ್ತೆ ಮೇಡಂ, ಲೈಸೆನ್ಸ್ ಒಂದೇ ಇಲ್ಲ" ಎಂದು ಬಂದು ಕೂರುವ ನಿವೃತ್ತ ಮೇಷ್ಟರು, ಒಂದೇ ಕೈಯಲ್ಲಿ ಸ್ಟಿಯರಿಂಗ್ ತಿರುಗಿಸಿ ಇನ್ನೊಂದರಲ್ಲಿ ಕ್ರಾಪು ತಿದ್ದಿಕೊಳ್ಳುವ ಹುಡುಗರು, ಗೇರು ಕಿರ್ ಎಂದಾಗಲೆಲ್ಲ ಗೇರಿಗೇ ಸಾರಿ ಕೇಳುವ ಗೃಹಿಣಿಯರು, ಇವರೆಲ್ಲರ ಬಗ್ಗೆ ಅವಳಿಗೆ ಒಂದೇ ಅಭಿಪ್ರಾಯವಿತ್ತು. ಅದನ್ನು ಅವಳು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಕಿಟಕಿಯ ಕಡೆ ಮುಖ ತಿರುಗಿಸಿ ಮೂಗಿನಿಂದ ಒಮ್ಮೆ ಉಸಿರು ಬಿಡುತ್ತಿದ್ದಳು. ಕಲಿಯುವವರು ಬೈಗುಳವನ್ನಾದರೂ ತಡೆದುಕೊಂಡಾರು, ಆ ಉಸಿರಿಗೆ ಹೆದರುತ್ತಿದ್ದರು.

ಸ್ಕೂಲೆಂದರೆ ಟೈರ್ ಅಂಗಡಿಯ ಮೇಲಿನ ಒಂದೇ ಕೋಣೆ. ಗೋಡೆಗೆ ಅಂಟಿಸಿದ ರಸ್ತೆ ಚಿಹ್ನೆಗಳ ಚಾರ್ಟಿಗೆ ದಿನವೂ ಬಿಸಿಲು ಬಿದ್ದು ಕೆಂಪು, ಹಸಿರು ಎರಡೂ ಒಂದೇ ಕಂದಾಗಿದ್ದವು. ಅದರ ಪಕ್ಕದಲ್ಲಿ ಯಾರೋ ಒಂದು ಪೋಸ್ಟರ್ ಹಚ್ಚಿಹೋಗಿದ್ದರು: ಒಂಟಿ ಮಹಿಳೆಯರ ಸಾಹಸ ಯಾತ್ರೆ, ಬಸ್ಸಿನಲ್ಲಿ ಕೆಲವೇ ಸೀಟುಗಳು ಬಾಕಿ. ಬ್ರೇಕಮ್ಮ ಅದನ್ನು ಓದಿ ನಕ್ಕ ದಿನ ಸ್ಕೂಲಿನ ಮಾಲೀಕ ಏನಾಯಿತೋ ಎಂದು ಕುರ್ಚಿಯಿಂದ ಎದ್ದು ಬಂದಿದ್ದ.

ಅವಳು ಒಂಟಿಯಾಗಿ ಗುಡ್ಡ ಹತ್ತಲು ಶುರು ಮಾಡಿದ್ದು ಯಾವ ಪೋಸ್ಟರನ್ನೂ ನೋಡಿ ಅಲ್ಲ. ಊರಾಚೆ ಲೈಸೆನ್ಸ್ ಪರೀಕ್ಷೆಯ ಮೈದಾನವಿದೆ, ಅದರ ಹಿಂದೆಯೇ ಗುಡ್ಡ. ಒಂದು ಬೆಳಿಗ್ಗೆ ಪರೀಕ್ಷೆ ತೆಗೆದುಕೊಳ್ಳುವ ಇನ್‌ಸ್ಪೆಕ್ಟರ್ ಬರಲಿಲ್ಲ. ಅವಳ ಜೊತೆಗಿದ್ದ ಅಭ್ಯರ್ಥಿಗಳು ಕೈ ಕೈ ಹಿಸುಕಿಕೊಳ್ಳುತ್ತ, "ಮೇಡಂ, ಬರ್ತಾರಾ? ಮೇಡಂ, ಬರಲ್ವಾ?" ಎಂದು ತಲೆ ತಿನ್ನತೊಡಗಿದರು. ಬಾತ್‌ರೂಮಿಗೆ ಹೋಗಿ ಬರುತ್ತೇನೆ ಎಂದು ಹೇಳಿದವಳು ಬೇಲಿಯ ಸಂದಿನಿಂದ ನುಸುಳಿ, ಕೆಲಸದ ಚಪ್ಪಲಿಯಲ್ಲೇ ಮೇಲಕ್ಕೆ ಹತ್ತಿಬಿಟ್ಟಳು. ತುದಿಯಲ್ಲಿ ಒಂದು ಬಂಡೆ, ಬಂಡೆಯ ಮೇಲೆ ಗಾಳಿ. ಕೆಳಗೆ ಮೈದಾನದಲ್ಲಿ ಕಾರು ಬೆಂಕಿಪೊಟ್ಟಣದಷ್ಟಿತ್ತು, ಅದರ ಸುತ್ತ ಜನ ಇರುವೆಗಳಂತೆ ಸುತ್ತುತ್ತಿದ್ದರು. ಅಲ್ಲಿ ತಿರಸ್ಕರಿಸಲು ಯಾರೂ ಸಿಗಲಿಲ್ಲ. ಅದೇ ಅವಳಿಗೆ ವಿಶ್ರಾಂತಿಯಾಯಿತು.

ಅಂದಿನಿಂದ ಪ್ರತಿ ರಜೆಯ ದಿನವೂ ಅವಳು ಗುಡ್ಡದಲ್ಲಿ. ಬಟ್ಟೆಯ ಚೀಲದಲ್ಲಿ ನೀರು, ಬ್ರೆಡ್ಡು, ಬೇಯಿಸಿದ ಮೊಟ್ಟೆ. ಕಾಲಿಗೆ ಕ್ಯಾನ್ವಾಸ್ ಶೂ. ಮನೆಯಲ್ಲಿ ಇದಕ್ಕೆ ತಕರಾರು ಎತ್ತಬೇಕಾಗಿದ್ದವನು ಗಂಡ. ಅವನು ಎತ್ತಲಿಲ್ಲ. ಅವನದು ಕನ್ನಡಕದ ಅಂಗಡಿ. ಸ್ಟೂಲು ಹತ್ತಿದರೆ ಅವನಿಗೆ ತಲೆಸುತ್ತು, ಮೇಲಿನ ಕಪಾಟಿನ ಫ್ರೇಮು ಬೇಕಾದರೆ ಹೆಂಡತಿ ಬರುವವರೆಗೆ ಗಿರಾಕಿಯನ್ನು ಕೂರಿಸಿಕೊಂಡಿರುತ್ತಿದ್ದ. "ನಾನು ಜೊತೆಗೆ ಹೋದ್ರೆ ವಾಪಸ್ ಬರುವಾಗ ಅವಳು ನನ್ನನ್ನೂ ಹೊತ್ಕೊಂಡು ಬರ್ಬೇಕಾಗುತ್ತೆ" ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದ. ತಕರಾರಿನ ಹೊಣೆಯನ್ನು ಅವನ ತಂಗಿ ಹೊತ್ತುಕೊಂಡಿದ್ದಳು. ಎರಡು ಬೀದಿ ಆಚೆ ಮನೆ. ಬ್ರೇಕಮ್ಮ ಶೂ ಲೇಸು ಕಟ್ಟುವ ಹೊತ್ತಿಗೆ ಸರಿಯಾಗಿ ಬಾಗಿಲಲ್ಲಿ ಪ್ರತ್ಯಕ್ಷಳಾಗುತ್ತಿದ್ದಳು.

"ಅತ್ತಿಗೆ, ಯಾರ ಜೊತೆ ಹೋಗ್ತಿದೀಯಾ?"

"ನನ್ನ ಕಾಲಿನ ಜೊತೆ."

"ತಮಾಷೆ ಬೇಡ. ಒಬ್ಬಳೇ ಹೋಗ್ತೀಯಾ, ಏನಾದ್ರೂ ಆದ್ರೆ?"

"ಆದ್ರೆ ನಿಂಗೇ ಮೊದಲು ಹೇಳಿ ಕಳಿಸ್ತೀನಿ. 'ನಾನು ಹೇಳ್ಲಿಲ್ವಾ' ಅನ್ನೋಕೆ ಬಂದುಬಿಡು."

"ನೋಡೋ ಅಣ್ಣ, ಹೆಂಗೆ ಮಾತಾಡ್ತಾಳೆ!"

ಅಣ್ಣ ಒಂದು ಗಾಜನ್ನು ಬೆಳಕಿಗೆ ಹಿಡಿದು ಒರೆಸುತ್ತಿದ್ದ. "ಅವಳು ಹೇಳೋದ್ರಲ್ಲೂ ಒಂದು ಅರ್ಥ ಇದೆ ಕಣೆ," ಎಂದ, ಯಾರಿಗೆ ಹೇಳಿದ ಎಂದು ಇಬ್ಬರಿಗೂ ತಿಳಿಯದ ಹಾಗೆ. ಈ ಒಂದು ವಿದ್ಯೆಯಿಂದ ಅವನು ಹೆಂಡತಿ ತಂಗಿಯರ ನಡುವೆ ಸುಖವಾಗಿದ್ದ.

ಆಮೇಲೆ ಗುಡ್ಡಕ್ಕೆ ಕಾನೂನು ಬಂತು. ಬಂದ ಕಾರಣ ಹೀಗೆ: ಗಂಡಸರ ಗುಂಪೊಂದು ಹೋಗಿತ್ತು. ಅವರಲ್ಲೊಬ್ಬ ಬಂಡೆಯ ಅಂಚಿನಲ್ಲಿ ಒಂಟಿಕಾಲಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುವಾಗ ಜಾರಿ ತೊಡೆಯ ಮೂಳೆ ಮುರಿದುಕೊಂಡ. ಮಿಕ್ಕವರು ಅವನನ್ನು ಕಂಬಳಿಯಲ್ಲಿ ಹೊತ್ತು ತಂದರು. ಇಲಾಖೆ ಗಾಢವಾಗಿ ಯೋಚಿಸಿತು. ಮುಂದಿನ ವಾರ ಗುಡ್ಡದ ಸುತ್ತ ಸಂದಿಲ್ಲದ ಬೇಲಿ, ಬುಡದಲ್ಲಿ ಒಂದು ಗೇಟು, ಹಿಂಬದಿಯಲ್ಲಿ ಇನ್ನೊಂದು, ಎರಡರ ಮೇಲೂ ಒಂದೇ ಬೋರ್ಡು ಎದ್ದವು: ಸುರಕ್ಷತೆಯ ದೃಷ್ಟಿಯಿಂದ ಒಂಟಿ ಮಹಿಳೆಯರಿಗೆ ಪ್ರವೇಶವಿಲ್ಲ.

ಇಬ್ಬರಿದ್ದರೆ ಬಿಡುತ್ತಿದ್ದರು. ಇಬ್ಬರಿಗೆ ಒಂದು ಪ್ಲಾಸ್ಟಿಕ್ ಟೋಕನ್. ಸಂಜೆ ಬಾಗಿಲು ಹಾಕುವ ಮುಂಚೆ ಇಬ್ಬರೂ ಒಟ್ಟಿಗೆ ಬಂದು ಅದನ್ನು ಹಿಂತಿರುಗಿಸಬೇಕು. ಒಂಟಿಯಾಗಿ ಹತ್ತುವ ಹೆಂಗಸರು ಊರಿನಲ್ಲಿ ಬ್ರೇಕಮ್ಮ ಒಬ್ಬಳೇ ಅಲ್ಲ ಎಂಬುದು ಆಗ ಗೊತ್ತಾಯಿತು. ಅವರೆಲ್ಲ ಗೇಟಿನಿಂದ ಸ್ವಲ್ಪ ದೂರದ ಬಸ್ ನಿಲ್ದಾಣದಲ್ಲಿ ಬೇರೆ ಬೇರೆ ಮೂಲೆ ಹಿಡಿದು ನಿಲ್ಲತೊಡಗಿದರು. ಒಬ್ಬಳು ಇನ್ನೊಬ್ಬಳ ಶೂ ನೋಡುವಳು, ತಲೆಯಾಡಿಸುವಳು, ಇಬ್ಬರೂ ಅಕ್ಕತಂಗಿಯರಾಗಿ ಗೇಟು ದಾಟುವರು. ಮೊದಲ ತಿರುವಿನಲ್ಲಿ ಒಂದು ಚಪ್ಪಟೆ ಕಲ್ಲಿದೆ, ಗೇಟಿನಿಂದ ಕಾಣುವುದಿಲ್ಲ. ಅಲ್ಲಿ ಬೇರೆಯಾಗುವುದು, ಸಂಜೆ ಅಲ್ಲೇ ಸೇರುವುದು.

ಈ ವ್ಯವಸ್ಥೆಗೆ ಅದರದೇ ಮರ್ಯಾದೆಯಿತ್ತು. ಹೆಸರು ಕೇಳಬಾರದು. ಹೆಸರು ಹೇಳಿದರೆ ಫೋನ್ ನಂಬರು, ನಂಬರು ಕೊಟ್ಟರೆ ಒಂದು ಗ್ರೂಪು, ಗ್ರೂಪಾದರೆ ಬೆಳಿಗ್ಗೆ ಎದ್ದ ಕೂಡಲೇ ಹೂವಿನ ಚಿತ್ರಗಳು, ಆಮೇಲೆ "ಮುಂದಿನ ಸಲ ಎಲ್ಲಾ ಒಟ್ಟಿಗೆ ಹೋಗೋಣ". ಯಾರು ಯಾವ ದಾರಿಯಲ್ಲಿ ಹೋಗುತ್ತಾರೆ ಎಂದೂ ಕೇಳಬಾರದು. ಯಾರ ಹಂಗೂ ಬೇಡವೆಂದು ಬಂದವರು ಒಬ್ಬರ ಹಂಗಿನಲ್ಲಿ ಒಬ್ಬರು ಒಳಗೆ ಹೋಗಬೇಕಾಗಿತ್ತು. ಆ ಅವಮಾನವನ್ನು ಅವರು ಈ ನಿಯಮಗಳಿಂದ ಮುಚ್ಚಿಕೊಂಡಿದ್ದರು. ನಿಯಮಗಳನ್ನು ಎಲ್ಲರಿಗಿಂತ ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದವಳು ಬ್ರೇಕಮ್ಮ.

ಆ ದಿನ ನಿಲ್ದಾಣದಲ್ಲಿ ಉಳಿದಿದ್ದವಳು ಒಬ್ಬಳೇ. ಹಳದಿ ಟೋಪಿ. ಟೋಪಿಯಿಂದ ಕೆಳಕ್ಕೆ ಒಂದು ಅಂಗಡಿಯೇ ನಿಂತಿತ್ತು: ಎರಡು ಕೈಗೆ ಎರಡು ಮಡಚುವ ಕೋಲು, ಕೊರಳಲ್ಲಿ ಸೀಟಿ, ಮಣಿಕಟ್ಟಿನಲ್ಲಿ ಕೀಚ್ ಕೀಚ್ ಎನ್ನುವ ಗಡಿಯಾರ, ಬೆನ್ನ ಚೀಲದಿಂದ ಬಾಯಿಯವರೆಗೆ ನೀರು ಹೀರುವ ಕೊಳವೆ. ಆಸ್ಪತ್ರೆಯಿಂದ ಎದ್ದು ಬಂದ ಹಾಗಿದ್ದಾಳೆ ಎಂದುಕೊಂಡು ಬ್ರೇಕಮ್ಮ ಮೂಗಿನಿಂದ ಉಸಿರು ಬಿಟ್ಟಳು. ಬೇರೆ ದಾರಿಯಿರಲಿಲ್ಲ, ತಲೆಯಾಡಿಸಿದಳು.

ಗೇಟಿನವನು ಇಬ್ಬರನ್ನೂ ನೋಡಿದ. "ಇವರು?"

"ನನ್ನ ತಂಗಿ."

"ಹೋದ ವಾರದ ತಂಗಿ ಬೇರೆ ಇದ್ರಲ್ಲಮ್ಮ."

"ನಮ್ಮದು ತುಂಬಿದ ಮನೆ."

ಗೇಟಿನವನಿಗೆ ಎಲ್ಲ ಗೊತ್ತಿತ್ತು, ಅಥವಾ ಏನೂ ಗೊತ್ತಿರಲಿಲ್ಲ. ಎರಡರಲ್ಲಿ ಯಾವುದು ಎಂದು ಮೇಲಿನವರು ಬಂದು ಕೇಳುವವರೆಗೆ ನಿರ್ಧರಿಸುವ ಅಗತ್ಯ ಅವನಿಗಿರಲಿಲ್ಲ. ಟೋಕನ್ ಕೊಟ್ಟ.

ಚಪ್ಪಟೆ ಕಲ್ಲಿನವರೆಗಿನ ದಾರಿಯಲ್ಲಿ ಹಳದಿ ಟೋಪಿ ಬಾಯಿ ಮುಚ್ಚಲಿಲ್ಲ. "ನಾನೂ ಅಷ್ಟೇ, ಒಬ್ಬಳೇ ಹೋಗೋದು. ಗುಂಪು ಅಂದ್ರೆ ನಂಗಾಗಲ್ಲ. ಈ ಗುಡ್ಡ ಹೊಸದು ನಂಗೆ. ಅಂದ ಹಾಗೆ ನನ್ನ ಹೆಸರು—"

"ಬೇಡ. ಇಲ್ಲಿ ಹೆಸರು ಹೇಳೋ ರೂಢಿ ಇಲ್ಲ."

"ಓ. ಸರಿ. ನೀವು ಯಾವ ದಾರೀಲಿ ಹೋಗ್ತೀರಿ? ಸುಮ್ನೆ ಕೇಳ್ದೆ, ತಿಳಿದಿರ್ಲಿ ಅಂತ."

"ಕಾಲು ಕರ್ಕೊಂಡು ಹೋದ ಕಡೆ."

"ಫೋನ್ ನಂಬರ್ ಆದ್ರೂ—"

"ಮೇಲೆ ಸಿಗ್ನಲ್ ಇರಲ್ಲ. ಬಾಗಿಲು ಹಾಕೋ ಮುಂಚೆ ಇದೇ ಕಲ್ಲಿನ ಹತ್ರ ಬನ್ನಿ. ಟೋಕನ್ ನನ್ನ ಹತ್ರ ಇರುತ್ತೆ."

ಹಳದಿ ಟೋಪಿ ಅವಳ ಕ್ಯಾನ್ವಾಸ್ ಶೂ ನೋಡಿದಳು. ಹೆಬ್ಬೆರಳಿನ ಹತ್ತಿರ ಬಟ್ಟೆ ಬಿಟ್ಟುಕೊಂಡಿತ್ತು. "ಇದ್ರಲ್ಲೇ ಹತ್ತುತ್ತೀರಾ?"

"ಇಲ್ಲ, ಕೈಯಲ್ಲಿ ಹಿಡ್ಕೊಂಡು ಹತ್ತುತ್ತೀನಿ."

ಅಷ್ಟು ಹೇಳಿ ಬ್ರೇಕಮ್ಮ ಗುಡ್ಡದ ಬೆನ್ನಿನ ಮೇಲೇ ತುದಿಗೆ ಹೋಗುವ ಏಣಿನ ದಾರಿ ಹಿಡಿದಳು. ಹಿಂದೆ ಕೋಲುಗಳು ಟಕ್ ಟಕ್ ಎಂದು ಇನ್ನೊಂದು ದಾರಿಯಲ್ಲಿ, ಗುಡ್ಡದ ಕೆರೆಯ ಕಡೆಗೆ ಹೋದ ಸದ್ದು ಕೇಳಿಸಿತು. ಸದ್ದು ನಿಂತ ಮೇಲೆ ಬೆಳಗಾದಂತಾಯಿತು.

ತುದಿಯಲ್ಲಿ ಅವಳು ವಿಶೇಷವೇನೂ ಮಾಡುತ್ತಿರಲಿಲ್ಲ. ಶೂ ಬಿಚ್ಚಿ ಪಾದಗಳನ್ನು ಬಂಡೆಗೆ ಒತ್ತಿ ಕೂರುವಳು. ಬಲಗಾಲಿನ ಮೀನಖಂಡ ಎಡಗಾಲಿಗಿಂತ ದಪ್ಪ, ವಾರವಿಡೀ ಬಿಗಿದುಕೊಂಡೇ ಇದ್ದದ್ದು. ಅದು ಕಾದ ಬಂಡೆಯ ಮೇಲೆ ತಾನಾಗಿ ಸಡಿಲವಾಗುವುದನ್ನು ಕಾಯುವಳು. ಅಂದು ಅದು ಬೇಗ ಸಡಿಲವಾಯಿತು. ಮೊಟ್ಟೆ ತಿಂದಳು, ಚೀಲ ತಲೆಗಿಟ್ಟು ಮಲಗಿದಳು. ಬಂಡೆಯಡಿಯ ನೆರಳಿನಲ್ಲಿ, ಮೇಲಿನಿಂದ ಬಂದವರಿಗೆ ಕಾಣದ ಜಾಗ. ಎಚ್ಚರವಾದಾಗ ಬಿಸಿಲು ಹಳದಿಯಾಗಿತ್ತು. ಸಂಜೆ ಕಲ್ಲಿನ ಹತ್ತಿರ ಒಬ್ಬಳು ಕಾಯುತ್ತಾಳೆ ಎಂಬುದು ನೆನಪಾಯಿತು. ಕಾಯಲಿ, ಕೊಳವೆಯಲ್ಲಿ ನೀರಿದೆಯಲ್ಲ ಎಂದುಕೊಂಡಳು. ಆದರೂ ಬೇಗ ಇಳಿಯಲು ಹಳ್ಳದ ಒಳದಾರಿ ಹಿಡಿದಳು. ಅದು ಇಲಾಖೆಯ ನಕ್ಷೆಯಲ್ಲಿಲ್ಲ, ಹಳಬರಿಗೆ ಮಾತ್ರ ಗೊತ್ತು.

ಕಲ್ಲಿನ ಹತ್ತಿರ ಹಳದಿ ಟೋಪಿ ಇರಲಿಲ್ಲ.

ಕಾದಳು. ಒಂದು ಜೋಡಿ ಬಂದು ಸೇರಿಕೊಂಡು ಗೇಟಿಗೆ ಹೋಯಿತು, ಇನ್ನೊಂದು ಹೋಯಿತು. ಮರಗಳ ನೆರಳು ದಾರಿಗೆ ಅಡ್ಡ ಬಿದ್ದು ಆಚೆ ಬದಿ ಮುಟ್ಟಿತು. ಕೊನೆಗೆ ಉಳಿದವರು ಇಬ್ಬರು: ಆಸ್ಪತ್ರೆಯಿಂದ ನಿವೃತ್ತಳಾದ ನರ್ಸಮ್ಮ, ಮತ್ತು ಅವಳ ಅಂದಿನ ಜೊತೆ, ಬ್ಯಾಂಕಿನವಳು. ಬ್ರೇಕಮ್ಮನ ಮುಖ ನೋಡಿದ ಕೂಡಲೇ ನರ್ಸಮ್ಮನಿಗೆ ವಿಷಯ ಅರ್ಥವಾಯಿತು.

"ನಿಮ್ಮವಳು ಬಂದಿಲ್ವಾ?"

"ಇಲ್ಲ."

"ಗೇಟಿಗೆ ಹೋಗಿ ಹೇಳೋಕೆ ಹೋಗ್ಬೇಡಿ ಮತ್ತೆ. ಇಬ್ಬರೂ ಒಟ್ಟಿಗಿರಲಿಲ್ಲ ಅಂತ ಗೊತ್ತಾದ್ರೆ ನಮ್ಮೆಲ್ಲರ ಕಥೆ ಮುಗೀತು. ಒಬ್ಬಳನ್ನೂ ಬಿಡಲ್ಲ."

"ಮತ್ತೇನು ಮಾಡ್ಲಿ?"

ನರ್ಸಮ್ಮ ಎಲ್ಲ ಯೋಚಿಸಿಟ್ಟಿದ್ದಳು. "ನಾವಿಬ್ರೂ ಟೋಕನ್ ಕೊಟ್ಟು ಹೊರಗೆ ಹೋಗ್ತೀವಿ. ಆಮೇಲೆ ಇವಳು ನೀರಿನ ಬಾಟ್ಲಿ ಮರೆತೆ ಅಂತ ಒಳಗೆ ಬರ್ತಾಳೆ. ನಿಮ್ಮ ಜೊತೆ ಇನ್ನೊಂದು ಸಲ ಹೊರಗೆ ಬರ್ತಾಳೆ. ಅವನು ಈ ಹೊತ್ತಲ್ಲಿ ಮುಖ ನೋಡಲ್ಲ, ಟೋಕನ್ ಅಷ್ಟೇ ನೋಡೋದು."

"ಆ ಹೆಂಗಸು ಒಳಗೇ ಇದ್ರೆ?"

"ಹಿಂದಿನ ಗೇಟಿಂದ ಹೋಗಿರ್ತಾಳೆ ಬಿಡಿ. ಇದ್ರೂ ಅಷ್ಟೊಂದು ಸಾಮಾನು ಹೊತ್ಕೊಂಡಿದ್ಲಲ್ಲ, ಒಂದು ರಾತ್ರಿ ಕಳೀತಾಳೆ. ನಮ್ಮ ಬಗ್ಗೆಯೂ ಯೋಚನೆ ಮಾಡಿ. ನಾವೆಲ್ಲ ಒಂದೇ ಅಲ್ವಾ?"

"ಇಷ್ಟು ದಿನ 'ನಾನು' ಅಂತಿದ್ರಿ. ಇವತ್ತು 'ನಾವು' ಆಯ್ತಾ?" ಎಂದಳು ಬ್ರೇಕಮ್ಮ.

ಬ್ಯಾಂಕಿನವಳು ನೆಲ ನೋಡಿದಳು. ನರ್ಸಮ್ಮ ತುಟಿ ಬಿಗಿದುಕೊಂಡು, "ನಿಮ್ಮಿಷ್ಟ. ಗೇಟಿನ ಹತ್ರ ಸ್ವಲ್ಪ ಹೊತ್ತು ನಿಂತಿರ್ತೀವಿ," ಎಂದು ಕೆಳಗಿಳಿದಳು.

ಉಪಾಯ ಚೆನ್ನಾಗಿತ್ತು, ನಡೆಯುವಂಥದೇ. ಬ್ರೇಕಮ್ಮನಿಗೆ ಲೆಕ್ಕವೂ ಸ್ಪಷ್ಟವಿತ್ತು. ಹೇಳಿದರೆ ಗುಡ್ಡ ಹೋಗುತ್ತದೆ. ಹೇಳದಿದ್ದರೆ ಹೆಂಗಸು ಹೋಗಬಹುದು. ಬೇಕಾದವರಿಗಾಗಿ ಗುಡ್ಡ ಬಿಟ್ಟುಕೊಟ್ಟರೆ ಅದಕ್ಕೊಂದು ಘನತೆಯಾದರೂ ಇರುತ್ತದೆ. ಕೊರಳಿಗೆ ಸೀಟಿ ಕಟ್ಟಿಕೊಂಡು ಬಂದ ಯಾರೋ ಒಬ್ಬ ಹಳದಿ ಟೋಪಿಗಾಗಿ? ವಾರವೆಲ್ಲ ಕಂಡವರ ಜೀವ ಕಾಲಡಿ ಇಟ್ಟುಕೊಂಡು ಕೂರುವವಳಿಗೆ ಉಳಿದಿದ್ದದ್ದು ಈ ಒಂದು ದಿನ, ಈ ಒಂದು ಬಂಡೆ.

ಕೆರೆಯ ದಾರಿಯಲ್ಲಿ ಒಂದಷ್ಟು ದೂರ ಹತ್ತಿದಳು. ಕೂಗೋಣವೆಂದು ಬಾಯಿ ತೆರೆದಳು, ತೆರೆದದ್ದು ಹಾಗೇ ನಿಂತಿತು. ಏನೆಂದು ಕೂಗುವುದು? ಹೆಸರು ಹೇಳಲು ಬಂದವಳ ಬಾಯಿಯನ್ನು ತಾನೇ ಮುಚ್ಚಿಸಿದ್ದಳು. "ಏಯ್!" ಎಂದಳು. ಗುಡ್ಡ ಅದನ್ನೇ ಹಿಂತಿರುಗಿಸಿತು. "ಏಯ್, ತಂಗೀ!" ಎಂದಳು. ಅದು ಅವಳ ಕಿವಿಗೇ ನಾಟಕದ ಮಾತಿನಂತೆ ಕೇಳಿಸಿತು. ಕೊನೆಗೆ ನಾಚಿಕೆ ಬಿಟ್ಟು, "ಹಳದೀ ಟೋಪೀ!" ಎಂದು ಗಂಟಲು ಹರಿಯುವ ಹಾಗೆ ಕೂಗಿದಳು. ಒಂದು ಹಕ್ಕಿ ಎದ್ದುಹೋಯಿತು. ಮತ್ತೇನೂ ಇಲ್ಲ.

ಆಗ ಅವಳಿಗೆ ಸೀಟಿಯ ನೆನಪಾಯಿತು. ಆ ಹೆಂಗಸು ಬಿದ್ದಿದ್ದರೆ ಸೀಟಿ ಊದಬೇಕಿತ್ತು. ಅಂಥವರು ಕಾಲಿಗೆ ಮುಳ್ಳು ಚುಚ್ಚಿದರೂ ಊದುತ್ತಾರೆ. ಊದುತ್ತಿಲ್ಲವೆಂದರೆ ಊದಲಾಗದ ಸ್ಥಿತಿ. "ಥೂ ನಿನ್ನ," ಎಂದಳು, ಟೋಪಿಗೋ ತನಗೋ ಅವಳಿಗೇ ತಿಳಿಯಲಿಲ್ಲ. ಗೇಟಿಗೆ ಇಳಿದಳು.

ಗೇಟಿನವನು ಟೋಕನ್‌ಗೆ ಕೈ ಚಾಚಿದ. ದೂರದಲ್ಲಿ ನರ್ಸಮ್ಮ, ಬ್ಯಾಂಕಿನವಳು ನಿಂತಿದ್ದರು.

"ಇನ್ನೊಬ್ಬಳು ಬಂದಿಲ್ಲ," ಎಂದಳು ಬ್ರೇಕಮ್ಮ.

"ಬರ್ತಾರೆ ಬಿಡಿಯಮ್ಮ. ಹಿಂದೆ ಇರ್ತಾರೆ."

"ಹಿಂದೆ ಇಲ್ಲ. ಬೆಳಿಗ್ಗೆ ತಿರುವಿನಲ್ಲೇ ಬೇರೆ ಆದ್ವಿ. ಅವಳು ನನ್ನ ತಂಗಿ ಅಲ್ಲ."

ಗೇಟಿನವನು ಕಿವಿಗೆ ಕೈ ಇಟ್ಟುಕೊಂಡ. "ನಾನು ಕೇಳಿಸ್ಕೊಂಡಿಲ್ಲ. ನೀವು ಹೇಳಿಲ್ಲ. ಇನ್ನೊಂದ್ಸಲ ಯೋಚನೆ ಮಾಡಿ ಹೇಳಿ."

"ಇನ್ನೊಂದ್ಸಲ ಹೇಳ್ತೀನಿ, ಜೋರಾಗಿ ಹೇಳ್ತೀನಿ, ಕೇಳಿಸ್ಕೋ. ಒಬ್ಬ ಹೆಂಗಸು ಮೇಲಿದ್ದಾಳೆ. ಯಾರು ಅಂತ ನಂಗೊತ್ತಿಲ್ಲ. ಜನ ಕರೆಸು."

ನರ್ಸಮ್ಮ ಅವಳತ್ತ ಒಂದು ನೋಟ ಎಸೆದು ಬಸ್ಸಿನ ಕಡೆ ತಿರುಗಿದಳು. ಬ್ಯಾಂಕಿನವಳು ಹಿಂಬಾಲಿಸಿದಳು.

ಅಧಿಕಾರಿ ಜೀಪಿನಲ್ಲಿ ಬಂದ. ಇಸ್ತ್ರಿ ಮಾಡಿದ ಸಮವಸ್ತ್ರ, ಅಂಗೈಯಷ್ಟು ವಾಕಿಟಾಕಿ. ಹುಡುಕುವವರನ್ನು ಮೇಲೆ ಕಳಿಸಿ, ಗೇಟಿನ ಕೋಣೆಯಲ್ಲಿದ್ದ ಒಂದೇ ಕುರ್ಚಿಯಲ್ಲಿ ತಾನು ಕೂತು, ಅವಳನ್ನು ನಿಲ್ಲಿಸಿ ಕೇಳಿದ.

"ಹೆಸರು?"

"ಗೊತ್ತಿಲ್ಲ."

"ವಯಸ್ಸು?"

"ಕೇಳಿಲ್ಲ."

"ಯಾವ ಕಡೆ ಹೋದ್ರು?"

"ಕೆರೆ ಕಡೆ. ಸದ್ದು ಕೇಳಿಸ್ತು."

"ನೋಡೋಕೆ ಹೇಗಿದ್ರು?"

ಇದಕ್ಕೆ ಬ್ರೇಕಮ್ಮ ಸಿದ್ಧವಾಗಿದ್ದಳು. ಟೋಪಿ, ಕೋಲು, ಸೀಟಿ, ಗಡಿಯಾರ, ಕೊಳವೆ, ಒಂದೂ ಬಿಡದೆ ಹೇಳಿದಳು. ಅಧಿಕಾರಿ ತಾಳ್ಮೆಯಿಂದ ಕೇಳಿಸಿಕೊಂಡ. "ಸಾಮಾನು ಆಯ್ತು. ಈಗ ಹೆಂಗಸಿನ ಬಗ್ಗೆ ಹೇಳಿ. ಮುಖ ಹೇಗಿದೆ?"

ಬ್ರೇಕಮ್ಮ ನೆನಪು ಮಾಡಿಕೊಳ್ಳಲು ನೋಡಿದಳು. ಟೋಪಿಯ ಕೆಳಗೆ ಮುಖ ಇದ್ದೇ ಇತ್ತು, ಅದು ಬಾಯಿ ಮುಚ್ಚದೆ ಮಾತಾಡಿಯೂ ಇತ್ತು. ಅವಳು ನೋಡಿರಲಿಲ್ಲ.

"ಚೆನ್ನಾಗಿದೆ," ಎಂದ ಅಧಿಕಾರಿ. "ಒಂದೇ ಟೋಕನ್ನಲ್ಲಿ ಒಳಗೆ ಹೋಗಿದ್ದೀರಿ, ಮೂಗು ಮೊಂಡೋ ಚೂಪೋ ಗೊತ್ತಿಲ್ಲ." ಆ ದನಿ ಬ್ರೇಕಮ್ಮನಿಗೆ ಪರಿಚಯದ್ದೇ. ಕಾರಿನಲ್ಲಿ ಕಲಿಯುವವರು ದಿನವೂ ಅವಳ ಮೂಗಿನ ಉಸಿರಿನಲ್ಲಿ ಕೇಳುತ್ತಿದ್ದದ್ದು ಅದನ್ನೇ. ಎದುರಿನಿಂದ ಬಂದಾಗ ಹೇಗಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

ಅಷ್ಟರಲ್ಲಿ ವಾಕಿಟಾಕಿ ಕರಕರ ಎಂದಿತು. ಹಿಂದಿನ ಗೇಟಿನವನ ದನಿ. "ಸಾರ್, ಇಲ್ಲೊಂದು ದೂರು. ಒಬ್ಬರು ವಯಸ್ಸಾದ ಹೆಂಗಸು ಕಾಣ್ತಿಲ್ವಂತೆ. ಬೂದು ಕೂದಲು, ಅರವತ್ತರ ಮೇಲೆ ವಯಸ್ಸು, ಬಟ್ಟೆ ಚೀಲ, ಹರಿದ ಕ್ಯಾನ್ವಾಸ್ ಶೂ. ಸ್ವಲ್ಪ ಮರೆವಿನ ಕಾಯಿಲೆ ಇರಬಹುದಂತೆ ಸಾರ್, ಎಲ್ಲಿಗೆ ಹೋಗ್ತೀನಿ ಅಂತ ಅವರಿಗೇ ಗೊತ್ತಿರಲಿಲ್ವಂತೆ."

ಅಧಿಕಾರಿ ನಿಧಾನವಾಗಿ ತಲೆಯೆತ್ತಿ ಕೂದಲಿನಿಂದ ಹೆಬ್ಬೆರಳಿನವರೆಗೆ ಅವಳನ್ನು ನೋಡಿದ. ಗೇಟಿನವನೂ ನೋಡಿದ.

"ನಂಗೆ ಐವತ್ತೊಂದು," ಎಂದಳು ಬ್ರೇಕಮ್ಮ.

"ದೂರು ಕೊಟ್ಟವರು ಯಾರು?" ಎಂದು ಅಧಿಕಾರಿ ವಾಕಿಟಾಕಿಯಲ್ಲಿ ಕೇಳಿದ.

"ಹಳದಿ ಟೋಪಿ ಹಾಕ್ಕೊಂಡಿದ್ದಾರೆ ಸಾರ್. ತುಂಬಾ ಗಾಬರಿ ಆಗಿದ್ದಾರೆ. ಅಳ್ತಾನೂ ಇದಾರೆ, ಬೈತಾನೂ ಇದಾರೆ."

ಜೀಪು ಹಳದಿ ಟೋಪಿಯನ್ನು ಕರೆತಂದಿತು. ನಡೆದದ್ದು ಅವಳ ಬಾಯಿಂದಲೇ ಹೊರಬಂತು. ಹೇಳಿದ ಸಮಯಕ್ಕೆ ಮುಂಚೆಯೇ ಅವಳು ಕಲ್ಲಿನ ಹತ್ತಿರ ಬಂದು ಕೂತಿದ್ದಳು. ಯಾರೂ ಬರಲಿಲ್ಲ. ಆ ಶೂ, ಆ ವಯಸ್ಸು, ಎಲ್ಲೋ ಉರುಳಿರಬೇಕು ಎಂದುಕೊಂಡು ಏಣಿನ ದಾರಿಯಲ್ಲಿ ತುದಿಯವರೆಗೆ ಹತ್ತಿದಳು. ಬ್ರೇಕಮ್ಮ ಅದೇ ಹೊತ್ತಿಗೆ ಹಳ್ಳದ ಒಳದಾರಿಯಲ್ಲಿ ಇಳಿಯುತ್ತಿದ್ದಳು. ತುದಿಯಿಂದ ಆಚೆ ಬದಿಗೆ ಇಳಿದು, ಸೀಟಿ ಊದಿ ಊದಿ ಸಾಕಾಗಿ, ಅಲ್ಲಿಂದ ಹತ್ತಿರವೆಂದು ಹಿಂದಿನ ಗೇಟಿಗೆ ಓಡಿದಳು. ಏಣಿನ ಆಚೆ ಬದಿ ಊದಿದ ಸೀಟಿ ಈಚೆ ಕೇಳಿಸಿರಲಿಲ್ಲ.

"ಬೇರೆ ಬೇರೆ ಹೋಗಿದ್ವಿ ಅಂತ ಹೇಳಿದ್ರೆ ಗುಡ್ಡ ಮುಚ್ತಾರೆ ಅಂತ ಗೊತ್ತಿತ್ತಾ ನಿಮಗೆ?" ಎಂದು ಬ್ರೇಕಮ್ಮ ಕೇಳಿದಳು.

"ಗೊತ್ತಿತ್ತು. ಬಸ್ ಸ್ಟಾಪಲ್ಲೇ ಆ ನರ್ಸು ಹೇಳಿದ್ರು." ಹಳದಿ ಟೋಪಿ ಮೂಗು ಒರೆಸಿಕೊಂಡಳು. "ಇಷ್ಟು ಹೊತ್ತು ಎಲ್ಲಿದ್ರಿ?"

"ಮಲಗಿದ್ದೆ."

"ಮಲಗಿದ್ರಾ!"

"ನೀವು ನನ್ನನ್ನ ಅಜ್ಜಿ ಮಾಡಿದ್ದಾಯ್ತು, ಮರೆವಿನ ಕಾಯಿಲೆ ಕೊಟ್ಟಿದ್ದಾಯ್ತು. ಸತ್ತೂ ಹೋದೆ ಅನ್ನಬಹುದಿತ್ತು."

"ಅನ್ನೋಣ ಅಂತಿದ್ದೆ. ಅಷ್ಟರಲ್ಲಿ ಜೀಪು ಬಂತು."

ಅಧಿಕಾರಿ ಗಂಟಲು ಸರಿಮಾಡಿಕೊಂಡ. ಈ ಇಬ್ಬರೂ ಬದುಕಿರುವುದು ಅವನಿಗೆ ತುಸು ನಿರಾಸೆ ತಂದಿದ್ದಂತೆ ಕಂಡಿತು. "ಮುಂದಿನ ವಾರದಿಂದ ಹೆಂಗಸರಿಗೆ ಗೈಡ್ ಕಡ್ಡಾಯ. ಗುಂಪಲ್ಲೇ ಹೋಗ್ಬೇಕು, ಗುಂಪಲ್ಲೇ ಬರ್ಬೇಕು. ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು."

"ತೊಡೆ ಮುರ್ಕೊಂಡವನ ಒಳ್ಳೇದಕ್ಕೆ ಏನು ಮಾಡಿದ್ರಿ?" ಎಂದಳು ಬ್ರೇಕಮ್ಮ.

"ಅದು ಬೇರೆ ವಿಷಯ."

"ಅವನದು ಮೂಳೆನೇ ಬೇರೆಯಾ?" ಎಂದಳು ಹಳದಿ ಟೋಪಿ.

ಅಧಿಕಾರಿ ಎದ್ದು ಜೀಪು ಹತ್ತಿದ. ಇಬ್ಬರೂ ಒಂದೇ ಬಸ್ಸು ಹತ್ತಿದರು, ಬೇರೆ ಬೇರೆ ಸೀಟಿನಲ್ಲಿ ಕೂತರು.

ಸುದ್ದಿ ಮನೆಗೆ ಅವಳಿಗಿಂತ ಮೊದಲೇ ತಲುಪಿತ್ತು. ನಾದಿನಿ ಬಾಗಿಲಲ್ಲೇ ಇದ್ದಳು. "ಅಂತೂ ಒಬ್ಬಳೇ ಅಲೆಯೋದು ನಿಂತಿತಲ್ಲ ಅತ್ತಿಗೆ. ಒಳ್ಳೇದೇ ಆಯ್ತು. ಗುಂಪಲ್ಲಾದ್ರೆ ನಾನೂ ಬರಬಹುದು." ಈ ಒಂದು ಮಾತಿನಲ್ಲಿ ಇಲಾಖೆಯ ಆಜ್ಞೆಯ ಪೂರ್ತಿ ಭಾರ ಬ್ರೇಕಮ್ಮನಿಗೆ ತಿಳಿಯಿತು. ಗಂಡ ಅವಳ ಶೂ ಎತ್ತಿಕೊಂಡು ಹೋಗಿ, ಫ್ರೇಮು ಅಂಟಿಸುವ ಗೋಂದಿನಿಂದ ಹೆಬ್ಬೆರಳಿನ ಹತ್ತಿರದ ಹರಕು ಅಂಟಿಸಿಟ್ಟ. ಅದು ನಿಲ್ಲುವ ಗೋಂದಲ್ಲ. ಆದರೂ ಅಂಟಿಸಿದ.

ಮುಂದಿನ ರಜೆಗೆ ಅವಳು ಗೇಟಿಗೆ ಹೋದಳು. ಬೋರ್ಡಿನಲ್ಲಿ ಹೊಸ ಸಾಲು ಸೇರಿತ್ತು. ಕೆಂಪು ಜಾಕೆಟ್ ತೊಟ್ಟ ಗೈಡ್ ಒಬ್ಬ ಹೆಂಗಸರನ್ನು ಸಾಲಾಗಿ ನಿಲ್ಲಿಸಿ, ದಾರಿಯಲ್ಲಿ ಎಲ್ಲೆಲ್ಲಿ ಫೋಟೋಗೆ ಅವಕಾಶವಿದೆ ಎಂದು ವಿವರಿಸುತ್ತಿದ್ದ. ಸಾಲಿನ ಕೊನೆಯಲ್ಲಿ ನರ್ಸಮ್ಮ. ಬ್ರೇಕಮ್ಮನನ್ನು ಕಂಡು ಮುಖ ಆಚೆ ಮಾಡಿದಳು. ಸಾಲಿನಲ್ಲಿ ನಿಂತವಳಿಗೆ ಆ ಹಕ್ಕೂ ಇದೆಯೇ ಎಂದುಕೊಂಡು ಬ್ರೇಕಮ್ಮ ಮೂಗಿನಿಂದ ಉಸಿರು ಬಿಟ್ಟಳು. ಗೈಡ್ ಅವಳತ್ತ ಕೈ ಬೀಸಿ ಕರೆದ. "ಬನ್ನಿ ಅಮ್ಮ, ಇನ್ನೊಬ್ಬರಿಗೆ ಜಾಗ ಇದೆ."

"ಅಷ್ಟು ದೊಡ್ಡ ಗುಡ್ಡದಲ್ಲಿ ಒಬ್ಬರಿಗಾ?" ಎಂದು ಹೇಳಿ ಅವಳು ಹಿಂತಿರುಗಿದಳು.

ಮನೆಗೆ ಹೋಗಲಿಲ್ಲ. ಗುಡ್ಡವನ್ನು ಬಳಸಿಕೊಂಡು ಒಂದು ಟಾರು ರಸ್ತೆ ಹೋಗುತ್ತದೆ, ಕಲ್ಲುಗಣಿಯ ಲಾರಿಗಳು ಓಡಾಡುವುದು. ನೆರಳಿಲ್ಲ, ನೋಡಲು ಚಂದವೂ ಇಲ್ಲ, ಹಾಗಾಗಿ ಯಾರಿಗೂ ಅದಕ್ಕೊಂದು ಗೇಟು ಹಾಕಬೇಕೆನಿಸಿರಲಿಲ್ಲ. ಬ್ರೇಕಮ್ಮ ಬೇಲಿಗೆ ಭುಜ ತಾಗಿಸಿಕೊಂಡ ಹಾಗೆ ಅದರ ಅಂಚಿನಲ್ಲಿ ನಡೆದಳು. ಲಾರಿಗಳು ಹಾರ್ನ್ ಹೊಡೆದವು, ಒಬ್ಬ ಕ್ಲೀನರ್ ತಲೆ ಹೊರಹಾಕಿ, "ಎಲ್ಲಿಗಮ್ಮ, ಹತ್ಕೋತೀರಾ?" ಎಂದ. ಗೇರು ಬದಲಾಯಿಸುವ ಸದ್ದಿನಲ್ಲೇ ಚಾಲಕ ಎಂಥವನೆಂದು ಅವಳಿಗೆ ತಿಳಿದುಹೋಗಿತ್ತು. ಬೇಡವೆಂದು ಕೈಯಾಡಿಸಿದಳು. ಬಿಸಿಲು ನೆತ್ತಿಗೆ ಬಂತು. ಬೇಲಿಯಾಚೆ, ಎತ್ತರದಲ್ಲಿ, ಅವಳ ಬಂಡೆ ಸಣ್ಣದಾಗಿ ಕಂಡಿತು, ಅದರ ಮೇಲೆ ಕೆಂಪು ಜಾಕೆಟ್ಟಿನ ಸುತ್ತ ಗುಂಪು.

ಗುಡ್ಡದ ಹಿಂಬದಿಗೆ ಬರುವ ಹೊತ್ತಿಗೆ ಎದುರಿನಿಂದ ಟಕ್ ಟಕ್ ಸದ್ದು ಕೇಳಿಸಿತು. ರಸ್ತೆಯ ಆಚೆ ಅಂಚಿನಲ್ಲಿ, ಸುತ್ತನ್ನು ತಿರುಗುಮುರುಗಾಗಿ ಹಾಕುತ್ತ, ಹಳದಿ ಟೋಪಿ ಬರುತ್ತಿದ್ದಳು. ಇಬ್ಬರೂ ನಿಂತರು. ನಡುವೆ ಟಾರು. ಈ ಸಲ ಬ್ರೇಕಮ್ಮ ಮುಖ ನೋಡಿದಳು. ಮೂಗು ಮೊಂಡು. ಕೆನ್ನೆ ಬಿಸಿಲಿಗೆ ಸುಲಿದಿತ್ತು. ವಯಸ್ಸು ತನಗಿಂತ ಹೆಚ್ಚು ಕಡಿಮೆಯೇನಲ್ಲ. ಅಜ್ಜಿ ಎಂದವಳಿಗೇ ಟೋಪಿಯ ಕೆಳಗೆ ಬೂದು ಕೂದಲು. ನೋಡಿ ಒಂದಿಷ್ಟು ಸಮಾಧಾನವಾಯಿತು.

"ಗಣಿ ಹತ್ರ ನಾಯಿಗಳಿವೆ," ಎಂದಳು ಬ್ರೇಕಮ್ಮ. "ಆ ಕೋಲು ಮೇಲೆತ್ತಿ ಹಿಡ್ಕೊಂಡ್ರೆ ಸಾಕು. ಹೊಡೆಯೋಕೆ ಹೋಗ್ಬೇಡಿ. ಪಾಪ, ಅಂತೂ ಆ ಕೋಲಿಗೊಂದು ಕೆಲಸ ಸಿಕ್ತು."

"ಮುಂದೆ ಸೇತುವೆ ರಿಪೇರಿ ನಡೀತಿದೆ. ಎರಡು ಹಲಗೆ ಹಾಕಿದ್ದಾರೆ. ನಿಮ್ಮ ಎಡಗಡೇದರ ಮೇಲೆ ಹೋಗಿ. ಬಲಗಡೇದು ನೋಡೋಕೆ ಅಷ್ಟೇ." ಹಳದಿ ಟೋಪಿ ಅವಳ ಶೂ ನೋಡಿದಳು. ಗೋಂದು ಆಗಲೇ ಬಿಟ್ಟಿತ್ತು. ಏನೋ ಹೇಳಹೊರಟವಳು ಬಾಯಿ ಮುಚ್ಚಿಕೊಂಡಳು.

ಲಾರಿಯೊಂದು ಇಬ್ಬರ ನಡುವೆ ಹಾದುಹೋಯಿತು. ಧೂಳು ಇಳಿದಾಗ ಟಕ್ ಟಕ್ ಸದ್ದು ಗಣಿಯ ಕಡೆ ಹೊರಟಿತ್ತು. ಬ್ರೇಕಮ್ಮ ತನ್ನ ದಾರಿ ಹಿಡಿದಳು. ಸೇತುವೆಯ ಮೇಲೆ ಎರಡು ಹಲಗೆಗಳಿದ್ದವು. ಬಲಗಡೆಯದು ಹೊಸದು, ಅಗಲವಾದದ್ದು. ಎಡಗಡೆಯದು ಕಪ್ಪಗೆ, ನಡುವೆ ತಗ್ಗಿತ್ತು. ಅವಳು ಎರಡನ್ನೂ ಒಮ್ಮೆ ನೋಡಿ, ಎಡಗಡೆಯದರ ಮೇಲೆ ಕಾಲಿಟ್ಟು ದಾಟಿದಳು.